ಸಹಾಯ ಬೇಕು: ಒಬಾಮ ‘ಹೋಪ್’ ಶೈಲಿಯ ಪೋಸ್ಟರ್‌ನಲ್ಲಿ ಬಣ್ಣ ಕೂಡುತ್ತಿಲ್ಲ

ಅಮೆರಿಕದ ಕಲಾವಿದ ಶೆಪರ್ಡ್ ಫೇರಿ 2008ರಲ್ಲಿ ಮಾಡಿದ ಒಬಾಮ ಪೋಸ್ಟರ್‌ನ ಬಣ್ಣಗಳಲ್ಲೇ ಮಕ್ಕಳ ಕಲಾ ಶಿಬಿರಕ್ಕೆ ಸ್ಕ್ರೀನ್ ಪ್ರಿಂಟ್ (ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಇಂಕು ಒತ್ತುವ ಅಚ್ಚು) ನಡೆಯುತ್ತಿದೆ: ಕೆನೆಬಣ್ಣದ ಕಾಗದ, ಮೇಲೆ ತಿಳಿನೀಲಿ, ಕೆಂಪು, ಕೊನೆಗೆ ಕಡುನೀಲಿ. ಮೊದಲೆರಡು ಸರಿಯಾಗಿ ಕೂರುತ್ತವೆ. ಕಡುನೀಲಿ ಬಂದಾಗ ಮುಖದ ಅಂಚಿನಲ್ಲಿ 2 ಮಿ.ಮೀ. ಸಂದು ಉಳಿಯುತ್ತದೆ. ನೀರಿನ ಇಂಕು ಹೀರಿ 90 ಜಿಎಸ್‌ಎಂನ (ಚದರ ಮೀಟರಿಗೆ 90 ಗ್ರಾಂ ತೂಕದ) ತೆಳು ಕಾಗದ ಹಿಗ್ಗುತ್ತದೆ, ಒಣಗುವಾಗ ಸೊಟ್ಟಾಗುತ್ತದೆ. ದಪ್ಪ ಕಾಗದ ಅಷ್ಟು ಹಿಗ್ಗದು, ಆದರೆ ಗೋಡೆಗೆ ಹಚ್ಚಿದರೆ ಅಂಟಿ ನಿಲ್ಲದು. 1 ಲೋಟ ಮೈದಾಕ್ಕೆ 5 ಲೋಟ ನೀರು ಹಾಕಿ ಕುದಿಸಿದ ಅಂಟಿಗೂ ಮೂಲೆ ಏಳುತ್ತದೆ. ಸಾಲ್ವೆಂಟ್ ಇಂಕು (ನೀರಿನ ಬದಲು ರಾಸಾಯನಿಕ ದ್ರಾವಕ ಇರುವ ಇಂಕು) ಬೇಡ, ಮುಚ್ಚಿದ ಕೋಣೆಯಲ್ಲಿ ಮಕ್ಕಳಿರುತ್ತಾರೆ.

ಕಡುನೀಲಿಯನ್ನು ಕೆಳಗಿನ ಬಣ್ಣದ ಮೇಲೆ ಎಷ್ಟು ಚಾಚಿಸಬೇಕು, 1 ಮಿ.ಮೀ. ಸಾಕೇ? ಈಗಿನ 120 ಮೆಶ್ (ಬಟ್ಟೆಯ ಎಳೆ ಎಣಿಕೆ) ಬದಲು ಇನ್ನೂ ಸಣ್ಣ ಕಣ್ಣಿನ ಬಟ್ಟೆ ಹಾಕಿದರೆ ಇಂಕು ಕಡಿಮೆ ಇಳಿದು ಕಾಗದ ನೆಟ್ಟಗಿರುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.