ಗಾಯಗೊಂಡ ವನ್ಯಜೀವಿಗಳ ರಕ್ಷಣೆಗೆ ಸಂಸ್ಥೆ: ದಾನದ ಹಣವನ್ನು ಮೊದಲು ಯಾವುದಕ್ಕೆ ಬಳಸಬೇಕು?

ಪ್ರಶ್ನೆ (ಗಂಗಾವತಿ):
ಎಲ್ಲರಿಗೂ ನಮಸ್ಕಾರ. ಹಂದಿಗೆಂದು ಒಡ್ಡಿದ ಉರುಳಿಗೆ ಸಿಕ್ಕ ಮುಳ್ಳುಹಂದಿ, ವಿದ್ಯುತ್ ತಂತಿ ತಗುಲಿದ ನವಿಲು, ತುಂಗಭದ್ರಾ ಎಡದಂಡೆ ಕಾಲುವೆಗೆ ಬಿದ್ದು ಮೇಲೆ ಬರಲಾಗದ ನರಿ, ಹೊಳೆಯಲ್ಲಿ ಬಿಟ್ಟುಹೋದ ಬಲೆಗೆ ಸಿಲುಕಿದ ನೀರುನಾಯಿ, ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೆಲವು ಗೆಳೆಯರು ಧಾವಿಸುತ್ತೇವೆ. ಈ ಕೆಲಸವನ್ನು ನೋಂದಾಯಿತ ಸಂಸ್ಥೆಯಾಗಿ ನಡೆಸಬೇಕೆಂದಿದ್ದೇವೆ. ಹಿರಿಯರೊಬ್ಬರು ಎರಡು ಎಕರೆ ಹೊಲ ಕೊಡಲು ಮುಂದೆ ಬಂದಿದ್ದಾರೆ. ಅಲ್ಲಿ ಪಂಜರಗಳನ್ನು ಕಟ್ಟಿಸಿ, ಪ್ರಾಣಿಗಳು ಗುಣವಾಗುವವರೆಗೆ ಇಟ್ಟುಕೊಳ್ಳಬಹುದೇ?

ಉತ್ತರ (ಬಳ್ಳಾರಿ, ವಕೀಲ):
ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿಸಿಕೊಂಡ ಮಾತ್ರಕ್ಕೆ ವನ್ಯಪ್ರಾಣಿಯನ್ನು ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 39ನೆಯ ಪ್ರಕರಣದಂತೆ, ಸರ್ಕಾರದ ಸ್ವತ್ತಾದ ವನ್ಯಪ್ರಾಣಿ ಕೈಗೆ ಬಂದವರು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ಅದೇ ಕಾಯ್ದೆ ರಕ್ಷಣಾ ಕೇಂದ್ರವನ್ನೂ ಮೃಗಾಲಯದ ವ್ಯಾಖ್ಯೆಯೊಳಗೆ ತಂದಿರುವುದರಿಂದ, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯಿಲ್ಲದೆ ಅದನ್ನು ನಡೆಸುವಂತಿಲ್ಲ. ಪಂಜರದ ಯೋಚನೆಯನ್ನು ಸದ್ಯಕ್ಕೆ ಬಿಡಿ. ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಪಡೆದು, ಸ್ಥಳಕ್ಕೆ ಹೋಗಿ ಪ್ರಾಣಿಯನ್ನು ಸುರಕ್ಷಿತವಾಗಿ ಸಾಗಿಸುವ ಕೆಲಸವನ್ನೇ ಚೆನ್ನಾಗಿ ಕಟ್ಟಿರಿ.

ಉತ್ತರ (ರಾಯಚೂರು, ಪಶುವೈದ್ಯ):
ಮೇಲಿನ ಮಾತು ಸರಿ. ಗಾಯಕ್ಕಿಂತ ಗಾಬರಿಯೇ ಎಷ್ಟೋ ಪ್ರಾಣಿಗಳನ್ನು ಕೊಲ್ಲುತ್ತದೆ. ಬೆನ್ನಟ್ಟಿ ಹಿಡಿದ ಕೃಷ್ಣಮೃಗದ ಸ್ನಾಯುಗಳು ಒಳಗೊಳಗೇ ಹಾನಿಗೊಳ್ಳುತ್ತವೆ. ಹೊರಗೆ ಹನಿ ರಕ್ತ ಕಾಣದಿದ್ದರೂ ಅದು ಒಂದೆರಡು ದಿನಗಳಲ್ಲಿ ಸಾಯಬಹುದು. ಆದ್ದರಿಂದ ಜನರನ್ನು ದೂರ ಸರಿಸುವುದು, ಕಣ್ಣಿಗೆ ಬಟ್ಟೆ ಮುಚ್ಚುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ನಿಲ್ಲಿಸುವುದು, ಇವೆಲ್ಲ ಚಿಕಿತ್ಸೆಯ ಭಾಗವೇ. ಹಕ್ಕಿಯಾದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯ ಕತ್ತಲಲ್ಲಿಡಿ. ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹಾಲನ್ನಂತೂ ಕೊಡಲೇಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಮುಚ್ಚಿದ ವಾಹನವೇ ಪ್ರಾಣ ತೆಗೆಯಬಲ್ಲದು. ನರಿ, ಮುಂಗುಸಿಗಳನ್ನು ಮುಟ್ಟುವವರೆಲ್ಲರೂ ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಂಡಿರಬೇಕು. ಮೊದಲ ಹಣ ಇದಕ್ಕೆ ಹೋಗಲಿ, ಆಮೇಲೆ ದಪ್ಪ ಕೈಗವಸು, ಬಲೆ, ಸಾಗಣೆಯ ಪೆಟ್ಟಿಗೆಗಳಿಗೆ.

ಉತ್ತರ (ಸಿಂಧನೂರು, ರೈತ):
ನಿಮಗೆ ಕರೆ ಮಾಡುವವನು ರೈತನೇ ಎಂಬುದನ್ನು ಮರೆಯಬೇಡಿ. ಬೆಳೆ ಕಳೆದುಕೊಂಡವನ ಹೊಲಕ್ಕೆ ಬಂದು ಅವನನ್ನೇ ಗದರಿಸಿ ವಿಡಿಯೊ ಮಾಡಿದರೆ, ಮುಂದಿನ ಸಲ ಅಲ್ಲಿಂದ ಕರೆ ಬರುವುದಿಲ್ಲ, ಪ್ರಾಣಿ ಉರುಳಿನಲ್ಲೇ ಸಾಯುತ್ತದೆ. ಬೆಳೆಹಾನಿ ಪರಿಹಾರದ ಅರ್ಜಿ ತುಂಬಿಸಲು ನೆರವಾಗಿ. ಉರುಳು ಒಡ್ಡುವುದು ಬೇಟೆಯೆಂದೇ ಪರಿಗಣಿತವಾಗುವ ಅಪರಾಧ ಎಂಬುದನ್ನೂ ಊರಿನ ಕಟ್ಟೆಯಲ್ಲಿ ಕೂತು ಸಮಾಧಾನದಿಂದ ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹೊಲದ ಮಾತನ್ನು ಮುಂದೂಡುತ್ತೇವೆ. ರೆಕ್ಕೆಯ ಕೀಲು ಮುರಿದು ಮತ್ತೆ ಹಾರಲಾಗದ ನವಿಲಿನ ವಿಷಯದಲ್ಲಿ ಏನು ಮಾಡಬೇಕು?

ಉತ್ತರ (ರಾಯಚೂರು, ಪಶುವೈದ್ಯ):
ಆ ತೀರ್ಮಾನ ವೈದ್ಯರು ಮತ್ತು ಇಲಾಖೆ ಸೇರಿ ಮಾಡಬೇಕಾದದ್ದು. ಸಾಕಿಕೊಳ್ಳುತ್ತೇವೆಂದು ಮನೆಗೆ ಒಯ್ಯಬೇಡಿ.