ನ್ಯೂಟ್ರಾನ್‌ಗೆ ಚಾರ್ಜೇ ಇಲ್ಲ, ಮತ್ತೆ ಆಂಟಿನ್ಯೂಟ್ರಾನ್ ಹೇಗೆ?

ಗುಮ್ಮಟದ ಹುಡುಗ
ನಮಸ್ಕಾರ. ವಿಜಯಪುರದಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೇನೆ. ಎಲೆಕ್ಟ್ರಾನ್ ಮೈನಸ್, ಅದರ ಪ್ರತಿಕಣ ಪಾಸಿಟ್ರಾನ್ ಪ್ಲಸ್. ಪ್ರೋಟಾನ್ ಪ್ಲಸ್, ಆಂಟಿಪ್ರೋಟಾನ್ ಮೈನಸ್. ಇಲ್ಲಿವರೆಗೆ ಸರಿ. ಆದರೆ ನ್ಯೂಟ್ರಾನ್ ಸೊನ್ನೆ. ಸೊನ್ನೆಯನ್ನು ತಿರುಗಿಸಿದರೂ ಸೊನ್ನೆಯೇ ಅಲ್ವಾ? ಮತ್ತೆ ಆಂಟಿನ್ಯೂಟ್ರಾನ್ ಅಂತ ಬೇರೆ ಹೆಸರು ಯಾಕೆ? ಕ್ಲಾಸಲ್ಲಿ ಕೇಳಿದ್ದಕ್ಕೆ "ಪರೀಕ್ಷೆಗೆ ಬರಲ್ಲ, ಬಿಡು" ಅಂದರು.

ಬಾದಾಮಿ ಮಾಸ್ತರ
ಬಿಡಬೇಡ ತಮ್ಮಾ, ಪ್ರಶ್ನೆ ಸರಿಯಾಗೇ ಇದೆ. ನ್ಯೂಟ್ರಾನ್ ಹೊರಗಿನಿಂದ ಸೊನ್ನೆ, ಒಳಗೆ ಹಾಗಿಲ್ಲ. ಅದರೊಳಗೆ ಕ್ವಾರ್ಕ್ ಅನ್ನುವ ಇನ್ನೂ ಸಣ್ಣ ಕಣಗಳಿವೆ. ಒಂದು ಅಪ್ ಕ್ವಾರ್ಕ್, ಅದರ ಚಾರ್ಜ್ +2/3. ಎರಡು ಡೌನ್ ಕ್ವಾರ್ಕ್, ತಲಾ -1/3. ಕಿರಾಣಿ ಅಂಗಡಿಯ ವಹಿಯಲ್ಲಿ ಜಮಾ-ಖರ್ಚು ಸಮ ಆದ ಹಾಗೆ. ಜಮಾ ಎಲ್ಲ ಖರ್ಚು ಮಾಡಿ, ಖರ್ಚೆಲ್ಲ ಜಮಾ ಮಾಡಿ ಬರೆದರೂ ಬಾಕಿ ಸೊನ್ನೆಯೇ, ಆದರೆ ಅದು ಬೇರೆ ವಹಿ. ಆಂಟಿನ್ಯೂಟ್ರಾನ್‌ನಲ್ಲಿ ಇರುವುದು ಆಂಟಿಕ್ವಾರ್ಕ್‌ಗಳು.

ಸುಮ್ನೆ ಕಾಗದದ ಮೇಲಿನ ವ್ಯತ್ಯಾಸ ಅಲ್ಲ. ನ್ಯೂಟ್ರಾನ್ ಒಂದು ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ, ಆಂಟಿನ್ಯೂಟ್ರಾನ್‌ನಲ್ಲಿ ಅದರ ದಿಕ್ಕು ಉಲ್ಟಾ. 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕಣಗಳನ್ನು ಅತಿ ವೇಗವಾಗಿ ಓಡಿಸುವ ಬೆವಟ್ರಾನ್ ಯಂತ್ರದಿಂದ ಆಂಟಿಪ್ರೋಟಾನ್ ಸಿಕ್ಕಿತು, ಮರುವರ್ಷ ಅಲ್ಲೇ ಆಂಟಿನ್ಯೂಟ್ರಾನ್. ಚಾರ್ಜ್ ಇಲ್ಲದ ಕಣ ಜಾಡು ಬಿಡುವುದಿಲ್ಲ, ಹಾಗಾಗಿ ಅದು ಮಾಮೂಲಿ ದ್ರವ್ಯಕ್ಕೆ ಬಡಿದು ಎರಡೂ ನಾಶವಾದಾಗ ಸಿಡಿದ ಶಕ್ತಿಯಿಂದ ಗುರುತು ಹಿಡಿದರು.

ಗುಮ್ಮಟದ ಹುಡುಗ
ಥ್ಯಾಂಕ್ಸ್ ಸರ್, ವಹಿ ಲೆಕ್ಕ ತಲೆಗೆ ಹೋಯಿತು. ಬೆಳಕಿನ ಕಣ ಫೋಟಾನ್‌ಗೂ ಆಂಟಿ ಇದೆಯಾ?

ಬಾದಾಮಿ ಮಾಸ್ತರ
ಅದರ ಒಳಗೆ ತಿರುಗಿಸಲು ಏನೂ ಇಲ್ಲ. ಅದಕ್ಕೆ ಅದೇ ಪ್ರತಿಕಣ. ನ್ಯೂಟ್ರಿನೊ ಅಂತ ಚಾರ್ಜಿಲ್ಲದ ಅತಿ ಹಗುರ ಕಣವೊಂದಿದೆ, ಅದಕ್ಕೂ ಅದೇ ಪ್ರತಿಕಣವಾ ಅನ್ನುವ ವಿಷಯದಲ್ಲಿ ಮಾತ್ರ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಕುಂದಾ ಪ್ರಿಯ, ಬೆಳಗಾವಿ
ಇದೆಲ್ಲ ಅಮೆರಿಕದ ಮಾತು ಅಂದುಕೊಳ್ಳಬೇಡಿ. ಹೋದ ವರ್ಷ ನಮ್ಮ ಅತ್ತೆಗೆ ಪೆಟ್ ಸ್ಕ್ಯಾನ್ ಆಯಿತು. ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ಔಷಧಿ ಚುಚ್ಚುತ್ತಾರೆ. ಅದರಿಂದ ಪಾಸಿಟ್ರಾನ್ ಹೊರಬಂದು, ಮೈಯಲ್ಲಿರುವ ಎಲೆಕ್ಟ್ರಾನ್‌ಗೆ ಸಿಕ್ಕ ಕೂಡಲೇ ಎರಡೂ ಮಾಯ. ಬದಲಿಗೆ 511 ಕೆಇವಿ ಶಕ್ತಿಯ ಎರಡು ಗಾಮಾ ಕಿರಣ ಎದುರುಬದುರು ದಿಕ್ಕಿಗೆ ಹಾರುತ್ತವೆ, ಸುತ್ತಲಿನ ಯಂತ್ರ ಅವನ್ನು ಹಿಡಿದು ಚಿತ್ರ ಕಟ್ಟುತ್ತದೆ. ನಾನು ಜಾಣತನ ತೋರಿಸಲು ಹೋಗಿ "ಅತ್ತೆ, ನಿಮ್ಮ ಮೈಯಲ್ಲಿ ಆಂಟಿಮ್ಯಾಟರ್ ಇತ್ತು" ಅಂದುಬಿಟ್ಟೆ. ಆ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಅರ್ಧ ಆಗುತ್ತದೆ, ಮರುದಿನಕ್ಕೆ ಏನೂ ಉಳಿಯಲ್ಲ ಅಂತ ಎಷ್ಟು ಹೇಳಿದರೂ ವಾರಪೂರ್ತಿ ಮೊಮ್ಮಗನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.