‘ಮೆತ್ತನ ಶಾಕಪ್’ ಅಂದರೆ ಹೊಸದೋ, ಹಾಳಾದದ್ದೋ?

ಗೆಳೆಯರೇ,

‘ಮೆತ್ತಗೆ’ ಅನ್ನೋ ಮಾತಿನ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಕತೆ ಸ್ವಲ್ಪ ಉದ್ದ, ಬೇಜಾರಾಗಬೇಡಿ.

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಹೋದ ವರ್ಷ ಒಂದು ಹಳೆ ಮಜ್ದಾ ಎಂಎಕ್ಸ್-5 ಕೊಂಡ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. 1989ರಲ್ಲಿ ಮೊದಲು ಬಂದ ಮಾದರಿ, ಇವನದು 1994ರದ್ದು. ಹಿಂದಿನ ಮಾಲೀಕನಿಗೆ ರೇಸಿನ ಹುಚ್ಚು. ಗಾಡಿಯನ್ನು ನೆಲಕ್ಕೆ ತಗ್ಗಿಸಿ, ಗಟ್ಟಿ ಶಾಕ್ ಅಬ್ಸಾರ್ಬರ್ (ಗ್ಯಾರೇಜಿನ ಮಾತಲ್ಲಿ ‘ಶಾಕಪ್’) ಹಾಕಿಸಿದ್ದನಂತೆ. ಈಗ ರಸ್ತೆಯ ಮೇಲಿನ ಒಂದೊಂದು ಹರಳೂ ಸೊಂಟಕ್ಕೆ ಗೊತ್ತಾಗುತ್ತದೆ ಅಂತ ನಮ್ಮ ಅಳಿಯನ ಗೋಳು.

ಅವನಪ್ಪ, ಅಂದರೆ ನಮ್ಮ ಮಾಮಾ, ಇಲ್ಲಿ ಕಲಬುರಗಿ ರಿಂಗ್ ರೋಡಿನಲ್ಲಿ ಗ್ಯಾರೇಜ್ ಇಟ್ಟುಕೊಂಡವರು. ಮಗ ನೇರವಾಗಿ ಕೇಳಬಹುದಿತ್ತು. ಆದರೆ ಹಳೆ ಗಾಡಿ ಕೊಂಡಿದ್ದಕ್ಕೆ ಆಗಲೇ ಬೈಸಿಕೊಂಡಿದ್ದ. ಹಾಗಾಗಿ ನಡುವೆ ನಾನು. ಹೋಗಿ ಹೇಳಿದೆ: “ಮಾಮಾ, ಅವಗ ಮೆತ್ತನ ಶಾಕಪ್ ಬೇಕಂತ. ಯಾವು ಹಾಕಸ್ಬೇಕು?”

ಮಾಮಾ ಪಾನಾ ಕೆಳಗಿಟ್ಟರು. “ಮೆತ್ತಗಾದವು ನಮ್ಮ ಅಂಗಡಿ ಹಿಂದ ಒಂದು ರಾಶಿ ಬಿದ್ದಾವ. ಪುಕ್ಕಟ ಕಳಸು.”

ಇಲ್ಲೇ ನನ್ನ ಪ್ರಶ್ನೆ ಹುಟ್ಟಿದ್ದು. ನಾನು ಹೇಳಿದ್ದು ‘ಮೆತ್ತನ’, ಅವರು ಕೇಳಿಸಿಕೊಂಡಿದ್ದು ‘ಮೆತ್ತಗಾದ’. ನಮ್ಮ ಕಡೆ ರೊಟ್ಟಿಗೆ ಇದು ಗೊಂದಲವೇ ಅಲ್ಲ. ಖಡಕ್ ರೊಟ್ಟಿ ಬೇರೆ, ಮೆತ್ತನ ರೊಟ್ಟಿ ಬೇರೆ, ಎರಡೂ ಬೇಕಾದವೇ. ಚೂಡಾ ಮೆತ್ತಗಾದರೆ ಮಾತ್ರ ಕೆಟ್ಟಿತು ಅಂತ ಅರ್ಥ. ಗ್ಯಾರೇಜಿನವರಿಗೆ ಶಾಕಪ್ ಎಂದರೆ ಚೂಡಾ ಇದ್ದ ಹಾಗೆ! ಬರುವ ಗಿರಾಕಿಗಳೆಲ್ಲ ‘ಮೆತ್ತಗಾಗ್ಯಾವ, ಬದಲಿ ಮಾಡು’ ಅಂತಲೇ ಬರುವವರು. ಮೆತ್ತಗೆ ಇರಲಿ ಅಂತ ಕಾಸು ಕೊಟ್ಟು ಹಾಕಿಸುವವರು ಯಾರಿದ್ದಾರೆ?

ಬದಲಿ ಪದ ಹುಡುಕಿದೆ. ‘ಮೃದು’ ಅಂದರೆ ಸೋಪಿನ ಜಾಹೀರಾತಿನ ಹಾಗೆ ಕೇಳುತ್ತದೆ. ಅಂಗಡಿಯ ಹುಡುಗ ‘ನರಂ’ ಅಂದ. ಚೆನ್ನಾಗಿದೆ, ಆದರೆ ಜೋರು ಮಾಡುತ್ತಿದ್ದವನು ತಣ್ಣಗಾದರೂ ‘ನರಂ ಆದ’ ಅಂತಲೇ ಅನ್ನುತ್ತೇವೆ, ಅಲ್ವಾ? ‘ಸಡಿಲ’ ಅಂತೂ ಬೇಡವೇ ಬೇಡ. ಅದು ನಟ್ಟು-ಬೋಲ್ಟಿನ ಮಾತು.

ಆಮೇಲೆ ಮಾಮಾ ತೋರಿಸಿದ್ದು ನೋಡಿ. ಮೂಲೆಯಲ್ಲಿದ್ದ ಒಂದು ಬಿಡಿ ಶಾಕಪ್ ತಂದು ನೆಟ್ಟಗೆ ನಿಲ್ಲಿಸಿದರು. ಅದರ ರಾಡನ್ನು ಅಂಗೈಯಿಂದ ನಿಧಾನ ಒತ್ತಿದರು. ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಇಳಿಯಿತು. ಮೇಲೆಳೆದು ರಪ್ಪನೆ ಒತ್ತಿದರು. ಕಲ್ಲು! ಒಳಗೆ ಎಣ್ಣೆ ಇರುತ್ತದೆ, ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಹಾದು ಹೋಗಬೇಕು. ಮೆಲ್ಲಗೆ ತಳ್ಳಿದರೆ ಹಾದಿ ಬಿಡುತ್ತದೆ, ಜೋರಾಗಿ ತಳ್ಳಿದರೆ ತಡೆಯುತ್ತದೆ. ಬಾವಿಗೆ ಹೊಟ್ಟೆ ಅಡಿಯಾಗಿ ಹಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದರೆ ಶಾಕಪ್ಪಿಗೆ ಗಾದಿಗಿರುವ ಹಾಗೆ ಒಂದೇ ಮೆತ್ತನೆತನ ಇಲ್ಲ. ಅದು ಸ್ಪ್ರಿಂಗಿನ ಗುಣ. ಗುಂಡಿಯ ಹೊಡೆತವನ್ನು ಮೊದಲು ನುಂಗುವುದೂ ಸ್ಪ್ರಿಂಗೇ. ನುಂಗಿದ ಮೇಲೆ ಅದು ಕುಣಿಯುತ್ತದಲ್ಲ, ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕಪ್. ಹಾಗೆ ನೋಡಿದರೆ ‘ಆಘಾತ ಹೀರುಕ’ ಎಂಬ ಪುಸ್ತಕದ ಹೆಸರು, ಅದರ ಮೂಲದ ಇಂಗ್ಲಿಷ್ ಹೆಸರು, ಎರಡೂ ತಪ್ಪು. ಇಂಗ್ಲೆಂಡಿನವರು ‘ಡ್ಯಾಂಪರ್’, ಅಂದರೆ ಅಡಗಿಸುವುದು, ಅನ್ನುವುದೇ ವಾಸಿ. ಅದಕ್ಕೆ ಕನ್ನಡದಲ್ಲಿ ‘ತಣಿಸು’ ಧಾತುವಿನಿಂದ ಏನಾದರೂ ಕಟ್ಟೋಣ ಅಂದುಕೊಂಡೆ. ಆದರೆ ಕುಣಿತವನ್ನು ತಣಿಸುತ್ತಾ ತಣಿಸುತ್ತಾ ಅದರೊಳಗಿನ ಎಣ್ಣೆ ಕಾಯುತ್ತದೆ! ತಣಿಸುವ ಸಾಮಾನು ತಾನೇ ಬಿಸಿ. ಕೈಬಿಟ್ಟೆ.

ಆಗ ಮಾಮಾ ಅಂದ ಮಾತು ಕಿವಿಯಲ್ಲೇ ಉಳಿಯಿತು: “ಮೆತ್ತಂದು ಬ್ಯಾಡ. ಹಗೂರ ಹಿಡಿಯೂದು ಹಾಕಸು ಅನ್ನು.”

ಹಗೂರ! ನಮ್ಮ ಕಡೆ ಇದಕ್ಕೆ ತೂಕದ ಅರ್ಥಕ್ಕಿಂತ ‘ಸಾವಕಾಶ, ಮೆಲ್ಲಗೆ’ ಎಂಬ ಬಳಕೆಯೇ ಜಾಸ್ತಿ. ‘ಹಗೂರ ಇಳಿ, ಮೆಟ್ಟಲಾ ಜಾರ್ತದ’ ಅನ್ನುವಲ್ಲಿ ಬರುವುದು ಅದೇ. ನಾನು ಇಷ್ಟು ಹೊತ್ತು ಸಾಮಾನಿಗೆ ಗುಣವಾಚಕ ಹುಡುಕುತ್ತಿದ್ದೆ. ಮಾಮಾ ಅದು ಮಾಡುವ ಕೆಲಸಕ್ಕೆ ವಿಶೇಷಣ ಹಾಕಿದರು. ಹಗೂರ ಹಿಡಿಯುವುದು, ಗಟ್ಟಿ ಹಿಡಿಯುವುದು, ಹಿಡಿಯದೇ ಇರುವುದು. ಮೂರನೆಯದೇ ಹಿತ್ತಿಲ ರಾಶಿ. ಗೊಂದಲ ಮುಗಿಯಿತು.

ಅಳಿಯನಿಗೆ ಹೋದ ಸಲಹೆಯನ್ನೂ ಹೇಳಿಬಿಡುತ್ತೇನೆ. ಗಾಡಿ ತಗ್ಗಿಸಿದ್ದರೆ, ರಾಡಿನ ಮೇಲಿನ ರಬ್ಬರ್ ತುಂಡಿಗೆ ಬಡಿದು ಎತ್ತಿಹಾಕುತ್ತಿರಬಹುದು, ಮೊದಲು ಅದನ್ನು ನೋಡು. ಶಾಕಪ್ಪಿನದೇ ತಪ್ಪು ಅನ್ನಬೇಡ. ಗಟ್ಟಿ ಸ್ಪ್ರಿಂಗ್ ಹಾಗೇ ಇಟ್ಟು ತೀರಾ ಹಗೂರ ಹಿಡಿಯುವ ಶಾಕಪ್ ಹಾಕಿದರೆ ಗಾಡಿ ಕಪ್ಪೆ ಆಗುತ್ತದೆ. ಎರಡೂ ಜೋಡಿ ಹೊಂದಬೇಕು. ಸ್ಪ್ರಿಂಗ್ ಮಜ್ದಾ ಕಂಪನಿಯದೇ ಹಾಕಿಸಿ, ಶಾಕಪ್ಪೂ ಅದಕ್ಕೆ ತಕ್ಕದ್ದು ತೆಗೆದುಕೊ. ಅವನು ನೋಡಿದಾಗ ಗಾಡಿಯಲ್ಲಿದ್ದವು ಕೋನಿ ಕಂಪನಿಯ ಹಳದಿ ಬಣ್ಣದ ಶಾಕಪ್, ತಿರುಗಿಸಿ ಹೊಂದಿಸಿಕೊಳ್ಳುವಂಥವು. ಆದರೆ ಆ ತಿರುಪು ಶಾಕಪ್ ಹಿಗ್ಗುವಾಗಿನ ಹಿಡಿತವನ್ನಷ್ಟೇ ಬದಲಿಸುತ್ತದೆ, ಕುಗ್ಗುವಾಗಿನದನ್ನು ಅಲ್ಲ. ಈ ‘ಕುಗ್ಗು–ಹಿಗ್ಗು’ ಜೋಡಿ ನಾನೇ ಫೋನಿನಲ್ಲಿ ಬಳಸಿದ್ದು. ಅವನಿಗೆ ತಕ್ಷಣ ತಿಳಿಯಿತು.

ಈಗ ನಿಮಗೆ ಎರಡು ಪ್ರಶ್ನೆ. ಬೀದರ, ಯಾದಗಿರಿ ಕಡೆ ಲಾರಿ, ಟ್ರ್ಯಾಕ್ಟರ್ ಕೆಲಸದವರು ‘ಹಿಗ್ಗುವ’ ಹೊತ್ತಿಗೆ ಏನನ್ನುತ್ತಾರೆ? ಮಾಮಾ ಕೈಯನ್ನು ಮೇಲೆತ್ತಿ ‘ಹಿಂಗ ಬರೂದು’ ಅಂದರೇ ಹೊರತು ಹೆಸರು ಹೇಳಲಿಲ್ಲ. ಇನ್ನೊಂದು, ಮೈಸೂರು ಕಡೆಯವರಿಗೆ ‘ಹಗುರವಾಗಿ ಹಿಡಿಯುವ’ ಅಂದರೆ ಇದೇ ಅರ್ಥ ಹೊಳೆಯುತ್ತದೆಯೋ, ಇಲ್ಲಾ ಶಾಕಪ್ಪಿನ ತೂಕ ಕಡಿಮೆ ಅಂತ ಅನಿಸುತ್ತದೆಯೋ?